ಕಥನಕ್ರಮವೂ ಕಾರ್ಯಕಾರಣವೂ: ಜಾನ್ ಗಂಥರನ ಶೋಕಗ್ರಂಥ

ಅಮೆರಿಕದ ಪತ್ರಿಕಾಲೇಖಕ ಜಾನ್ ಗಂಥರನು ೧೯೪೯ರಲ್ಲಿ ಪ್ರಕಟಿಸಿದ ‘ಡೆತ್ ಬಿ ನಾಟ್ ಪ್ರೌಡ್’ ಎಂಬ ಗ್ರಂಥವು ಪುತ್ರಶೋಕದಿಂದ ಹುಟ್ಟಿದುದು. ಇದರ ಹೆಸರು ಜಾನ್ ಡನ್ ಕವಿಯ ಸಾನೆಟ್ಟಿನಿಂದ ಬಂದಿದೆ. ಗಂಥರನ ಮಗ ಜಾನಿಗೆ ೧೯೪೬ರ ಏಪ್ರಿಲ್ ತಿಂಗಳಲ್ಲಿ ಮಿದುಳಿನ ಗಡ್ಡೆಯಿರುವುದು ತಿಳಿಯಿತು; ೧೯೪೭ರ ಜೂನ್ ೩೦ರಂದು ೧೭ ವರ್ಷದ ಆ ಹುಡುಗನು ತೀರಿಕೊಂಡನು. ಕೃತಿಯ ಕರುಣರಸವನ್ನು ಕುರಿತು ಹೇಳಬೇಕಾದುದು ಹೆಚ್ಚಿಲ್ಲ. ವಿಮರ್ಶಕನು ನಿಂತು ನೋಡಬೇಕಾದ ಭಾಗವು ಬೇರೆ.

ಶಸ್ತ್ರಚಿಕಿತ್ಸೆ, ಕ್ಷಕಿರಣ, ನೈಟ್ರೊಜನ್ ಮಸ್ಟರ್ಡ್ ಇವೆಲ್ಲ ಆದಮೇಲೆ ತಂದೆತಾಯಿಗಳು ಮಗನನ್ನು ಮ್ಯಾಕ್ಸ್ ಗೆರ್ಸನ್ ಎಂಬ ಜರ್ಮನ್ ಮೂಲದ ವೈದ್ಯನ ಬಳಿಗೆ ಕರೆದೊಯ್ದರು. ಉಪ್ಪೂ ಕೊಬ್ಬೂ ಇಲ್ಲದ ಆಹಾರ, ಹಣ್ಣು ತರಕಾರಿಗಳ ರಸ, ಎನಿಮಾ: ಇದು ಗೆರ್ಸನನ ಪಥ್ಯ. ಹುಡುಗನು ಕೆಲಕಾಲ ಚೇತರಿಸಿಕೊಂಡನು. ಬಳಿಕ ಗಡ್ಡೆ ಮತ್ತೆ ಬೆಳೆಯಿತು. ಇಷ್ಟರಲ್ಲಿ ಶಸ್ತ್ರವೈದ್ಯರ ನೆರವನ್ನು ಅವರು ಕೈಬಿಟ್ಟಿರಲಿಲ್ಲವೆಂಬುದು ಗಮನಾರ್ಹ.

ಪಥ್ಯದ ಪ್ರಕರಣದ ಹಿಂದೆಯೇ ಚೇತರಿಕೆಯ ಪ್ರಕರಣ ಬಂದರೆ, ಮೊದಲನೆಯದೇ ಎರಡನೆಯದಕ್ಕೆ ಕಾರಣವೆಂದು ಓದುಗನ ಮನಸ್ಸು ಗ್ರಹಿಸುತ್ತದೆ. ನಮ್ಮ ಹಿರಿಯರು ಕಾಕತಾಳೀಯವೆಂದು ಹೆಸರಿಟ್ಟು ಎಚ್ಚರಿಸಿದುದು ಇಂತಹ ಭ್ರಮೆಯನ್ನೇ. ಹಲವು ಚಿಕಿತ್ಸೆಗಳು ಬೆರೆತಿರುವ ಒಬ್ಬನ ಚರಿತ್ರೆಯಿಂದ ಯಾವುದರ ಫಲ ಯಾವುದೆಂದು ನಿರ್ಣಯಿಸಲಾಗದು. ೨೦೦೫ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಗ್ಲಯೊಬ್ಲಾಸ್ಟೋಮವೆಂಬ ಗಡ್ಡೆಯ ೫೭೩ ರೋಗಿಗಳನ್ನು ಎರಡು ಗುಂಪುಮಾಡಿ ಹೋಲಿಸಿದರು. ವಿಕಿರಣದೊಡನೆ ಟೆಮೊಜೊಲೊಮೈಡ್ ಔಷಧವನ್ನು ಕೊಟ್ಟಾಗ ಮಧ್ಯಮ ಆಯುರವಧಿಯು ೧೨.೧ ತಿಂಗಳಿಂದ ೧೪.೬ ತಿಂಗಳಿಗೆ ಏರಿತು. ಎರಡೂವರೆ ತಿಂಗಳ ಲಾಭವನ್ನು ಸ್ಥಾಪಿಸಲು ಅಷ್ಟು ಶ್ರಮ ಬೇಕಾಯಿತು. ಗೆರ್ಸನನ ಪಥ್ಯವು ಆಯುಸ್ಸನ್ನು ಹೆಚ್ಚಿಸುವುದೆಂದು ಯಾವ ನಿಯಂತ್ರಿತ ಪರೀಕ್ಷೆಯೂ ತೋರಿಸಿಲ್ಲ. ಕಾಫಿಯ ಎನಿಮಾದಿಂದ ದೇಹದ ಲವಣಗಳು ಏರುಪೇರಾಗಿ ಅಪಾಯವಾದುದು ದಾಖಲೆಯಲ್ಲಿದೆ.

ಹಾಗಾದರೆ ಗಂಥರನು ದೋಷಿಯೆ? ಅಲ್ಲವೆಂದೇ ನಮ್ಮ ಮತ. ಹಿಂದಿನ ಚಿಕಿತ್ಸೆಗಳನ್ನು ಅವನು ಮುಚ್ಚಿಡಲಿಲ್ಲ, ಸೋಲನ್ನು ಮರೆಮಾಡಲಿಲ್ಲ. ಓದುಗನ ಅವಸರದ ಅನುಮಾನವನ್ನು ಖಂಡಿಸುವ ಸಂಗತಿಗಳು ಗ್ರಂಥದೊಳಗೇ ಇವೆ. ಆದರೆ ಅವನ್ನು ಒಟ್ಟುಗೂಡಿಸಿ ತೂಗುವ ಕೆಲಸವನ್ನು ಅವನು ಮಾಡಲಿಲ್ಲ. ಆ ಹೊಣೆ ಓದುಗನ ಮೇಲೆ ಬೀಳುತ್ತದೆ. ಇದು ಕೃತಿಯ ನ್ಯೂನತೆ.

ಆ ತಂದೆತಾಯಿಗಳನ್ನು ಅಜ್ಞರೆನ್ನುವುದು ಅನ್ಯಾಯ. ಇಬ್ಬರೂ ವಿದ್ಯಾವಂತರು; ಹೆಸರಾಂತ ವೈದ್ಯರನ್ನು ಕಂಡು ಬಂದವರು. ಔಷಧಿಯ ಮಾರ್ಗ ಮುಚ್ಚಿದಂತೆ ತೋರಿದಾಗ ಪಥ್ಯವು ಅವರ ಕೈಗೆ ದಿನವೂ ಒಂದು ಕೆಲಸವನ್ನು ಕೊಟ್ಟಿತು. ಅದರ ಕಷ್ಟವನ್ನುಂಡವನು ಮಾತ್ರ ಆ ಹುಡುಗ. ಗ್ರಂಥದಲ್ಲಿ ಸೇರಿಸಿರುವ ಅವನ ಪತ್ರಗಳನ್ನೂ ದಿನಚರಿಯನ್ನೂ ಇದನ್ನು ನೆನೆದು ಓದತಕ್ಕದ್ದು.

ಈ ಗ್ರಂಥವನ್ನು ಪಾಠಹೇಳುವ ಅಧ್ಯಾಪಕರು ಶೋಕವನ್ನು ಶೋಕವಾಗಿಯೂ ಸಾಕ್ಷ್ಯವನ್ನು ಸಾಕ್ಷ್ಯವಾಗಿಯೂ ಬೇರ್ಪಡಿಸಿ ತೋರಿಸಿದರೆ, ಕರುಣರಸಕ್ಕೆ ಕುಂದು ಬಾರದು. ವಿದ್ಯಾರ್ಥಿಯ ವಿವೇಕಕ್ಕೂ ಮೋಸವಾಗದು.