ಮರದಚ್ಚಿನ ಮರುಭೂಮಿ ಮತ್ತು ವೀರಗಲ್ಲಿನ ಲೆಕ್ಕ

ಹತ್ತೊಂಬತ್ತನೆಯ ಶತಮಾನದ ಆಂಗ್ಲ ಸಚಿತ್ರ ವಾರಪತ್ರಿಕೆಗಳ ಯುದ್ಧಚಿತ್ರಗಳು ಕಲಾ ಇತಿಹಾಸಕ್ಕೆ ಸೇರಿದುವು, ಜಾನಪದಕ್ಕಲ್ಲ ಎಂಬ ಭಾವನೆ ರೂಢಿಯಲ್ಲಿದೆ. ಬೆಳಗೋಡು ಹೋಬಳಿಯನ್ನೊಳಗೊಂಡ ಸಕಲೇಶಪುರ, ಆಲೂರು ಸೀಮೆಯೂ ಸೇರಿದಂತೆ ಹಾಸನ ಜಿಲ್ಲೆಯ ವೀರಗಲ್ಲುಗಳನ್ನು ಓದಿ ರೂಢಿಯಾದ ಕಣ್ಣಿಗೆ ಈ ವಿಭಜನೆ ಒಪ್ಪಿತವಾಗುವುದಿಲ್ಲ. ಎರಡೂ ಯುದ್ಧವನ್ನು ನಿರೂಪಿಸುವ ಕೆತ್ತನೆಗಳು. ಎರಡರಲ್ಲಿಯೂ ಕೆತ್ತಿದ ಕೈ ಸಾಮಾನ್ಯವಾಗಿ ಯುದ್ಧವನ್ನು ಕಂಡುದಲ್ಲ.

‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ 1842ರಲ್ಲಿಯೂ ‘ದಿ ಗ್ರಾಫಿಕ್’ 1869ರಲ್ಲಿಯೂ ಆರಂಭವಾದುವು. ಮೆಲ್ಟನ್ ಪ್ರಯರ್ ಅವರಂಥ ಚಿತ್ರಕಾರರು ರಣರಂಗದಿಂದ ಅವಸರದ ರೇಖಾಚಿತ್ರಗಳನ್ನು ಹಡಗಿನ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಲಂಡನ್ನಿನಲ್ಲಿ ಬೇರೊಬ್ಬ ಕಲಾವಿದ ಅದನ್ನು ತಿದ್ದಿ ಮರದ ಅಚ್ಚಿನ ಮೇಲೆ ಬರೆಯುತ್ತಿದ್ದ. ದೊಡ್ಡ ಅಚ್ಚನ್ನು ತುಂಡುಗಳಾಗಿ ಬಿಡಿಸಿ ಹಲವು ಕೆತ್ತನೆಗಾರರಿಗೆ ಹಂಚಿ, ಅನಂತರ ಜೋಡಿಸುತ್ತಿದ್ದರು. ಇಷ್ಟು ಕೈಗಳನ್ನು ದಾಟಿ ಬಂದ ಚಿತ್ರದಲ್ಲಿ ಉಳಿಯುವುದು ಕಂಡದ್ದಕ್ಕಿಂತ ಹೆಚ್ಚಾಗಿ ಸಿದ್ಧಮಾದರಿ: ಮುಂದೆ ಬಂದೂಕು ಹಿಡಿದ ಸಾಲು, ನಡುವೆ ಹೊಗೆ, ಆಚೆ ಮುಖವಿಲ್ಲದ ಶತ್ರುಸಮೂಹ, ಹಿನ್ನೆಲೆಯಲ್ಲಿ ಬರಿಯ ಮರಳು.

ಈ ಮರುಭೂಮಿಗೂ ಕರ್ನಾಟಕಕ್ಕೂ ನೇರ ಸಂಬಂಧವಿದೆ. 1834ರಿಂದ ಬೆಂಗಳೂರನ್ನು ನೆಲೆಯಾಗಿಸಿಕೊಂಡ ಮದರಾಸು ಸ್ಯಾಪರ್ಸ್ ಮತ್ತು ಮೈನರ್ಸ್ ಪಡೆ 1868ರಲ್ಲಿ ಅಬಿಸೀನಿಯಕ್ಕೂ 1882ರಲ್ಲಿ ಈಜಿಪ್ಟಿಗೂ 1885ರಲ್ಲಿ ಸೂಡಾನಿನ ಸುವಾಕಿನ್‌ಗೂ ಹೋಗಿತ್ತು. 1885ರ ಮಾರ್ಚ್ 22ರಂದು ತೊಫ್ರೆಕ್ ಎಂಬಲ್ಲಿ ಮುಳ್ಳುಬೇಲಿಯ ಪಾಳೆಯ ಕಟ್ಟಲು ಪೊದೆ ಕಡಿಯುತ್ತಿದ್ದಾಗಲೇ ಸೇನೆಯ ಮೇಲೆ ಉಸ್ಮಾನ್ ದಿಗ್ನಾನ ಪಡೆ ಎರಗಿತು. ಸುವಾಕಿನ್ನಿನ ಯುದ್ಧವು ಮೂಲತಃ ನೀರಿನ ಯುದ್ಧ. ಸಮುದ್ರದ ನೀರನ್ನು ಹಡಗುಗಳಲ್ಲಿ ಬಟ್ಟಿಯಿಳಿಸಿ, ಒಂಟೆಗಳ ಮೇಲೆ ಹೊರಿಸಿ ಒಳನಾಡಿಗೆ ಸಾಗಿಸಬೇಕಿತ್ತು. ಬೇಲಿ ಕಟ್ಟಿದವರ, ನೀರು ಹೊತ್ತವರ ಈ ದುಡಿಮೆಯೇ ಯುದ್ಧದ ಬೆನ್ನೆಲುಬು. ಆದರೆ ಮರದಚ್ಚಿನ ಪ್ರಧಾನ ಆಶಯ ದಾಳಿಯ ಕ್ಷಣವೇ. ಚಿತ್ರದ ಕೆಳಗಿನ ಬರಹದಲ್ಲಿ ಅಧಿಕಾರಿಗೆ ಹೆಸರು ದೊರೆಯುತ್ತದೆ. ದುಡಿದವನು ‘ದೇಶೀ ಸಿಪಾಯಿ’ ಇಲ್ಲವೆ ‘ಹಿಂಬಾಲಕ’ನಾಗಿ ಕರಗುತ್ತಾನೆ.

ವೀರಗಲ್ಲು ಕೂಡ ಸಿದ್ಧಮಾದರಿಗೆ ಬದ್ಧವೇ. ಕೆಳಗೆ ಕಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಶತ್ರು ಇಲ್ಲಿಯೂ ಕಾಲಡಿಯಲ್ಲಿ ಕುಗ್ಗಿದವನೇ. ಆದುದರಿಂದ ಕಲ್ಲು ಸತ್ಯ, ಅಚ್ಚು ಸುಳ್ಳು ಎಂಬ ತೀರ್ಮಾನ ಸರಳವಾದುದು. ಭೇದವಿರುವುದು ಹೊಣೆಯಲ್ಲಿ. ಶಾಸನವುಳ್ಳ ವೀರಗಲ್ಲು ಸತ್ತವನಾರು, ತುರುಗಾಳಗದಲ್ಲಿಯೋ ಊರಳಿವಿನಲ್ಲಿಯೋ ಮಡಿದನು, ಕಲ್ಲು ನಿಲ್ಲಿಸಿದವರಾರು ಎಂಬುದನ್ನು ಹೇಳುತ್ತದೆ. ಎಷ್ಟೋ ವೇಳೆ ಮನೆಯವರಿಗೆ ಬಿಟ್ಟ ನೆತ್ತರುಗೊಡಗೆಯನ್ನೂ ದಾಖಲಿಸುತ್ತದೆ. ಅದು ನಿಂತಿರುವುದು ಮಡಿದವನ ಊರಿನವರ ಕಣ್ಣೆದುರಿಗೆ. ಪತ್ರಿಕೆಯ ಚಿತ್ರವಾದರೋ ದೂರದ ಚಂದಾದಾರನಿಗೆ ವಿಜಯವನ್ನು ಒಪ್ಪಿಸುತ್ತದೆ. ತೊಫ್ರೆಕ್ಕಿನಲ್ಲಿ ಸತ್ತ ಕೂಲಿಯ ಊರಿಗೆ ಅದು ಉತ್ತರ ಹೇಳಬೇಕಾಗಿಲ್ಲ.

ಈ ಮಾತು ನಮ್ಮ ಸೀಮೆಗೂ ಸಲ್ಲುತ್ತದೆ. 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೇನೆ ಬಲಂ ಸೀಮೆಯ ಅರೆಕೆರೆಯನ್ನು ಹಿಡಿದು, ಪಾಳೆಯಗಾರನನ್ನು ಗಲ್ಲಿಗೇರಿಸಿತು. ಸಚಿತ್ರ ಪತ್ರಿಕೆಗಳು ಹುಟ್ಟುವುದಕ್ಕೆ ಇನ್ನೂ ನಾಲ್ಕು ದಶಕಗಳಿದ್ದುವು. ಒಂದು ವೇಳೆ ಇದ್ದಿದ್ದರೂ ಅವು ಕಾಡನ್ನು ಮರಳಿನಂತೆಯೇ ನಿರ್ಜನವಾದ ಹಿನ್ನೆಲೆಯಾಗಿ ಬರೆಯುತ್ತಿದ್ದುವು ಎಂದು ಊಹಿಸಲು ಅಡ್ಡಿಯಿಲ್ಲ. ಗೆಲ್ಲಬೇಕಾದ ನೆಲವನ್ನು ಮೊದಲು ಬರಿದಾಗಿ ತೋರಿಸುವುದು ವಸಾಹತುಶಾಹಿ ನೋಟಕ್ರಮದ ಲಕ್ಷಣ.

ಆದಕಾರಣ ಇಂಥ ಚಿತ್ರಗಳನ್ನು ಇತಿಹಾಸಗ್ರಂಥಗಳಲ್ಲಿ ಕೇವಲ ಅಲಂಕಾರವಾಗಿ ಮುದ್ರಿಸುವ ಪದ್ಧತಿ ಸಾಲದು. ಕಲ್ಲನ್ನು ಓದುವಂತೆಯೇ ಅಚ್ಚನ್ನೂ ಓದಬೇಕು: ಯಾರು ಕೆತ್ತಿಸಿದರು, ಯಾರಿಗಾಗಿ, ಯಾರ ಹೆಸರು ಇದೆ, ಯಾರದು ಇಲ್ಲ. ಈ ನಾಲ್ಕನೆಯ ಪ್ರಶ್ನೆಯನ್ನು ಕೇಳುವ ಅಭ್ಯಾಸವನ್ನು ವೀರಗಲ್ಲುಗಳ ಅಧ್ಯಯನ ಕಲಿಸಬಲ್ಲುದು.