ತರತಮ ತಿಳಿಯದ ಡಿಗ್ರಿಗಳು

ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ. ಇದನ್ನು ಇಂಗ್ಲಿಷಿನಲ್ಲಿ ‘ದ ಹೈಯೆಸ್ಟ್ ಪೀಕ್’ ಎಂದರೆ ಸೂಪರ್ಲೇಟಿವ್. ‘ಹೈಯರ್ ದ್ಯಾನ್ ಎನಿ ಅದರ್ ಪೀಕ್’ ಎಂದರೆ ಕಂಪ್ಯಾರೆಟಿವ್. ‘ನೋ ಅದರ್ ಪೀಕ್ ಈಸ್ ಆ್ಯಸ್ ಹೈ ಆ್ಯಸ್ ಮುಳ್ಳಯ್ಯನಗಿರಿ’ ಎಂದು ತಿರುಗಿಸಿದರೆ ಪಾಸಿಟಿವ್. ಒಂದೇ ವಾಕ್ಯಕ್ಕೆ ಹೀಗೆ ಮೂರು ಸುತ್ತು ಹಾಕಿಸುವುದನ್ನೇ ನಮ್ಮ ಹೈಸ್ಕೂಲುಗಳು ‘ಡಿಗ್ರೀಸ್ ಆಫ್ ಕಂಪ್ಯಾರಿಸನ್’ ಕಲಿಸುವುದು ಎಂದುಕೊಂಡಿವೆ. 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ವ್ಯಾಕರಣ ವಾಕ್ಯಪರಿವರ್ತನೆಯ ಭಾಗದಲ್ಲಿ ಇದಕ್ಕೆ ಪ್ರತ್ಯೇಕ ಅಭ್ಯಾಸವನ್ನೇ ಕೊಟ್ಟಿತ್ತು. ಅರ್ಥ ಕೆಡದಂತೆ ರೂಪ ಬದಲಿಸು ಎಂಬುದು ಈ ಅಭ್ಯಾಸದ ಕಟ್ಟಳೆ. ನನ್ನ ತಕರಾರು ಇರುವುದು ಅಲ್ಲಿಯೇ. ಮೂರೂ ರೂಪಗಳು ಒಂದೇ ಮೈಗೆ ತೊಡಿಸುವ ಬೇರೆ ಬೇರೆ ಅಂಗಿಗಳು ಎಂದು ನಂಬಿದ ಮಗುವಿಗೆ ಯಾವುದನ್ನು ಯಾವಾಗ ತೊಡಿಸಬೇಕೆಂಬುದು ಕೊನೆಗೂ ತಿಳಿಯುವುದಿಲ್ಲ.

ರಾಜ್ಯದಲ್ಲಿ ಎಲ್ಲಕ್ಕಿಂತ ಎತ್ತರದ ಬೆಟ್ಟ ಯಾವುದು ಎಂದು ಯಾರಾದರೂ ಕೇಳಿದರೆ ಸೂಪರ್ಲೇಟಿವ್ ಉತ್ತರವಾಗುತ್ತದೆ. ಕೊಡಗಿನ ತಡಿಯಂಡಮೋಳ್ ಹತ್ತಿ ಬಂದವರು ಇದಕ್ಕಿಂತ ಎತ್ತರದ್ದು ಇನ್ನೊಂದಿದೆಯೇ ಎಂದರೆ ಕಂಪ್ಯಾರೆಟಿವ್ ಬೇಕು. ‘ಬೇರೆ ಯಾವ ಶಿಖರವೂ ಅದರಷ್ಟು ಎತ್ತರವಿಲ್ಲ’ ಎಂಬ ಮಾತು ಬಾಯಿಗೆ ಬರುವುದು, ಯಾರೋ ಇನ್ನೊಂದು ಬೆಟ್ಟವನ್ನು ಅದಕ್ಕೆ ಸರಿಗಟ್ಟಿ ವಾದ ಹೂಡಿದಾಗ. ತರ್ಕದ ತಕ್ಕಡಿಯಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ತೂಗಬಹುದು, ಆದರೆ ಮಾತುಕತೆಯಲ್ಲಿ ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ. ಅದೂ ಅಲ್ಲದೆ, ಈ ‘ಪಾಸಿಟಿವ್’ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ‘ರಾಮು ಈಸ್ ಟಾಲ್’ ಎಂದರೆ ರಾಮು ಎತ್ತರದ ಹುಡುಗನೆಂದೇ ಅರ್ಥ. ‘ರಾಮು ಈಸ್ ಆ್ಯಸ್ ಟಾಲ್ ಆ್ಯಸ್ ಸೋಮು’ ಎಂದರೆ ಇಬ್ಬರೂ ಗಿಡ್ಡರಿರಬಹುದು. ಮೊದಲನೆಯದು ಗುಣ ಹೇಳುತ್ತದೆ, ಎರಡನೆಯದು ಅಳತೆ ಹಿಡಿಯುತ್ತದೆ. ಟಾಲ್ ಎಂಬ ಪದಕ್ಕೆ ಬಾಲ ಅಂಟಿಲ್ಲವೆಂಬ ಒಂದೇ ಕಾರಣಕ್ಕೆ ಇವೆರಡನ್ನೂ ಒಂದೇ ಕಂಬಕ್ಕೆ ಕಟ್ಟುವುದು ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವ ವ್ಯಾಕರಣ.

ಕನ್ನಡದ ಮಗು ಎಡವುವ ಜಾಗಗಳನ್ನಂತೂ ಈ ಅಭ್ಯಾಸ ತಿರುಗಿಯೂ ನೋಡುವುದಿಲ್ಲ. ‘ರಾಮು ಸೋಮುವಿಗಿಂತ ಎತ್ತರ’ ಎನ್ನುವಾಗ ನಾವು ‘ಎತ್ತರ’ವನ್ನು ಮುಟ್ಟುವುದೇ ಇಲ್ಲ, ಹೋಲಿಕೆಯ ಭಾರವನ್ನೆಲ್ಲ ಸೋಮುವಿಗೆ ಹತ್ತಿದ ‘ಗಿಂತ’ ಹೊರುತ್ತದೆ. ಇಂಗ್ಲಿಷಿನಲ್ಲಿ ಆ ಭಾರ ಎರಡು ಪಾಲು: ಗುಣವಾಚಕಕ್ಕೆ ‘ಅರ್’, ಅದರ ಮುಂದೆ ‘ದ್ಯಾನ್’. ಹಾಗಾಗಿ ‘ರಾಮು ಈಸ್ ಟಾಲ್ ದ್ಯಾನ್ ಸೋಮು’ ಎಂದು ಬರೆಯುವ ಮಗು ದಡ್ಡನಲ್ಲ, ‘ಗಿಂತ’ಕ್ಕೆ ‘ದ್ಯಾನ್’ ಇಟ್ಟು ಲೆಕ್ಕ ಚುಕ್ತಾ ಆಯಿತೆಂದುಕೊಂಡಿದೆ. ‘ಇನ್ನೂ ಎತ್ತರ’ ಎಂಬುದರ ‘ಇನ್ನೂ’ವನ್ನು ಉಳಿಸಿಕೊಳ್ಳಲು ಹೋದ ಮಗು ‘ಮೋರ್ ಟಾಲರ್’ ಎನ್ನುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ‘ಅದರ್’ ಬಿಟ್ಟುಹೋಗುವ ತಪ್ಪು. ನಾವು ‘ತರಗತಿಯಲ್ಲಿ ಎಲ್ಲರಿಗಿಂತ ಎತ್ತರ’ ಎನ್ನುತ್ತೇವೆ. ಆ ಎಲ್ಲರಲ್ಲಿ ರಾಮುವೂ ಸೇರಿದನಲ್ಲ, ತನಗಿಂತ ತಾನೇ ಎತ್ತರವೇ ಎಂದು ಕನ್ನಡದಲ್ಲಿ ಯಾರೂ ಕೇಳುವುದಿಲ್ಲ. ಇಂಗ್ಲಿಷಿನ ಮೇಷ್ಟ್ರು ಕೇಳುತ್ತಾರೆ, ‘ಎನಿ ಅದರ್ ಬಾಯ್’ ಎನ್ನದಿದ್ದರೆ ಅಂಕ ಕತ್ತರಿಸುತ್ತಾರೆ. ಆ ‘ಅದರ್’ ಏಕೆ ಬೇಕು, ನಮ್ಮ ‘ಎಲ್ಲರಿಗಿಂತ’ಕ್ಕೆ ಏಕೆ ಬೇಡ ಎಂದು ಎರಡು ನಿಮಿಷ ಮಾತಾಡಿದರೆ ಮಗುವಿಗೆ ಎರಡು ಭಾಷೆಗಳ ಸ್ವಭಾವವೂ ಹೊಳೆದೀತು. ಸೂತ್ರವಾಗಿ ಬಾಯಿಪಾಠ ಮಾಡಿಸಿದರೆ ಪರೀಕ್ಷೆ ಮುಗಿದ ಮರುದಿನ ಅದು ಉದುರಿಹೋಗುತ್ತದೆ.

ರೂಪಗಳನ್ನು ಮೊದಲು ಗಟ್ಟಿ ಮಾಡಿಸದೆ ಅರ್ಥಕ್ಕೆ ಹೋದರೆ ಮಕ್ಕಳು ‘ಗುಡರ್’, ‘ಬ್ಯೂಟಿಫುಲರ್’ ಎಂದಾರು ಎಂಬ ಆಕ್ಷೇಪವಿದೆ, ಒಪ್ಪತಕ್ಕದ್ದೇ. ಗುಡ್, ಬೆಟರ್, ಬೆಸ್ಟ್ ಎಂಬುದನ್ನು ಯಾವ ತರ್ಕದಿಂದಲೂ ಊಹಿಸಲಾಗದು, ಕಲಿಯಲೇಬೇಕು. ಚಿಕ್ಕ ಪದಕ್ಕೆ ಅರ್, ಎಸ್ಟ್; ಉದ್ದ ಪದಕ್ಕೆ ಮೋರ್, ಮೋಸ್ಟ್ ಎಂಬ ನಿಯಮವೂ ಆರಂಭಕ್ಕೆ ಒಳ್ಳೆಯ ಊರುಗೋಲು. ಆದರೆ ‘ಕಾಮನ್’, ‘ಕ್ಲೆವರ್’ಗಳಂಥ ಎರಡು ಉಚ್ಚಾರಾಂಶದ ಪದಗಳಲ್ಲಿ ಎರಡೂ ರೂಪ ನಡೆಯುತ್ತವೆ. ‘ಮೋರ್ ಟಾಲರ್’ ಮಾದರಿಯ ಇಮ್ಮಡಿ ರೂಪ ತಪ್ಪೆನಿಸಿಕೊಂಡದ್ದಕ್ಕೂ ಒಂದು ಚರಿತ್ರೆಯಿದೆ. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದ ಆ್ಯಂಟನಿ ಬ್ರೂಟಸನ ಇರಿತದ ಕ್ರೌರ್ಯವನ್ನು ಹೇಳುವಾಗ ಒಂದೇ ಪದಕ್ಕೆ ಮೋಸ್ಟ್ ಮತ್ತು ಎಸ್ಟ್ ಎರಡನ್ನೂ ಹಚ್ಚುತ್ತಾನೆ. 1762ರಲ್ಲಿ ವ್ಯಾಕರಣ ಬರೆದ ಪಾದ್ರಿ ರಾಬರ್ಟ್ ಲೌತ್ ಇಂಥವನ್ನು ಅಸಾಧುವೆಂದರು. ಆದರೆ ದೇವರನ್ನು ಕುರಿತು ಹೇಳುವಾಗ ಮಾತ್ರ ‘ಮೋಸ್ಟ್ ಹೈಯೆಸ್ಟ್’ಗೆ ವಿನಾಯಿತಿ ಕೊಟ್ಟರು. ನಾವೇನೂ ಹಿಂದೆ ಬಿದ್ದಿಲ್ಲ. ‘ಉತ್ತಮ’ದ ‘ತಮ’ ಸಂಸ್ಕೃತದಲ್ಲಿ ಸೂಪರ್ಲೇಟಿವ್ ಪ್ರತ್ಯಯ. ಅದು ಕನ್ನಡದಲ್ಲಿ ಬರಿಯ ‘ಒಳ್ಳೆಯದು’ ಆಗಿ ಸವೆದುಹೋದ ಮೇಲೆ ‘ಅತ್ಯುತ್ತಮ’ ಬೇಕಾಯಿತು. ಅಂಕಪಟ್ಟಿಯಲ್ಲಿ ಬರಿಯ ‘ಉತ್ತಮ’ ಕಂಡರೆ ಈಗ ತಾಯ್ತಂದೆಯರ ಮುಖ ಬಾಡುತ್ತದೆ.

ಅರವತ್ತು ಮಕ್ಕಳ ತರಗತಿಯಲ್ಲಿ, ಒಂದು ಅಂಕದ ಪ್ರಶ್ನೆಯಲ್ಲಿ ಇಷ್ಟೆಲ್ಲ ಸೂಕ್ಷ್ಮವನ್ನು ಅಳೆಯುವುದು ಹೇಗೆ ಎಂಬುದು ಇನ್ನೂ ಬಲವಾದ ಆಕ್ಷೇಪ. ಪರಿವರ್ತನೆಯ ಪ್ರಶ್ನೆಗೆ ಒಂದೇ ಉತ್ತರ, ತಿದ್ದುವುದು ಸಲೀಸು. ಆದರೆ ಆ ಸಲೀಸು ಎಂಥದ್ದೆಂದು ‘ಒನ್ ಆಫ್ ದ ಹೈಯೆಸ್ಟ್’ ಎಂಬ ವಾಕ್ಯವನ್ನು ತಿರುಗಿಸುವಲ್ಲಿ ನೋಡಬೇಕು. ಅದರ ಪಾಸಿಟಿವ್ ‘ವೆರಿ ಫ್ಯೂ’ ಎಂದು, ಕಂಪ್ಯಾರೆಟಿವ್ ‘ಮೋಸ್ಟ್ ಅದರ್’ ಎಂದು ಕಲಿಸುತ್ತಾರೆ. ಹತ್ತು ಬೆಟ್ಟಗಳಲ್ಲಿ ಆರಕ್ಕಿಂತ ಎತ್ತರವಿದ್ದರೂ ‘ಮೋಸ್ಟ್ ಅದರ್’ ಸತ್ಯವೇ. ಅಷ್ಟಕ್ಕೇ ಅದು ಅತಿ ಎತ್ತರದವುಗಳ ಸಾಲಿಗೆ ಸೇರೀತೇ? ತನ್ನ ಕಟ್ಟಳೆಯನ್ನು ಅಭ್ಯಾಸವೇ ಇಲ್ಲಿ ಮುರಿದುಕೊಂಡಿದೆ, ಆದರೂ ಪೂರ್ತಿ ಅಂಕ. ಅದೇ ಒಂದು ಅಂಕಕ್ಕೆ ಬೇರೆ ಪ್ರಶ್ನೆಯನ್ನೂ ಕೇಳಬಹುದು. ಮುಳ್ಳಯ್ಯನಗಿರಿ 1,930 ಮೀಟರ್, ತಡಿಯಂಡಮೋಳ್ 1,748 ಮೀಟರ್ ಎಂದು ಕೊಟ್ಟು, ತಡಿಯಂಡಮೋಳೇ ರಾಜ್ಯದಲ್ಲಿ ಎಲ್ಲಕ್ಕಿಂತ ಎತ್ತರ ಎಂದು ಹಟ ಹಿಡಿದ ಗೆಳೆಯನಿಗೆ ಒಂದು ವಾಕ್ಯದಲ್ಲಿ ಉತ್ತರ ಬರೆ ಎನ್ನಬಹುದು. ಉತ್ತರ ಎರಡು ಮೂರು ಬಗೆಯಲ್ಲಿ ಬಂದೀತು, ತಿದ್ದುವವರು ಪ್ರತಿಯೊಂದನ್ನೂ ಓದಬೇಕಾದೀತು.