ಹೆಸರು ಯಾರದು? — ಸ್ವತಂತ್ರ ತಂತ್ರಾಂಶದ ಒಂದು ನಾಮಕರಣ ವಿಚಾರ

ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶಗಳನ್ನು ಸ್ವತಂತ್ರ ತಂತ್ರಾಂಶಗಳೆನ್ನುತ್ತಾರೆ. ಇವುಗಳನ್ನು ಕಟ್ಟುವ ಬಳಗಗಳಲ್ಲಿ ಹೆಸರಿನ ಬಗೆಗೆ ಎದ್ದ ವಾದಗಳನ್ನು ಕಾಲಹರಣವೆಂದು ತಳ್ಳಿಹಾಕುವವರುಂಟು. ಯರಗಟ್ಟಿಯ ಕಡೆಯಿಂದ ನೋಡುವ ನಮಗೆ ಹಾಗೆ ತೋರುವುದಿಲ್ಲ.

ಗಣಕದ ಪರದೆಯ ಮೇಲೆ ಕಾಣುವ ಕಿಟಕಿ, ಪಟ್ಟಿ, ಚಿಹ್ನೆಗಳ ಒಟ್ಟು ವ್ಯವಸ್ಥೆಗೆ ಡೆಸ್ಕ್‌ಟಾಪ್ ಎಂದು ಹೆಸರು. 1996ರಲ್ಲಿ ಮಥಿಯಾಸ್ ಎಟ್ರಿಚ್ ಎಂಬ ಜರ್ಮನ್ ವಿದ್ಯಾರ್ಥಿ ಆರಂಭಿಸಿದ ಕೆಡಿಇ ಅಂಥದೊಂದು ಯೋಜನೆ. ಅದರ ಕೊನೆಯ ಎರಡು ಅಕ್ಷರಗಳು ಡೆಸ್ಕ್‌ಟಾಪ್ ಪರಿಸರವೆಂಬುದನ್ನೇ ಸೂಚಿಸುತ್ತಿದ್ದವು. ಕಾಲಕ್ರಮದಲ್ಲಿ ಬಳಗವು ಬೆಳೆಯಿತು. ಡೆಸ್ಕ್‌ಟಾಪಿಗೆ ಸೇರದ ಕೆಲಸಗಳೂ ಅದರಲ್ಲಿ ಕೂಡಿಕೊಂಡವು. ಹೀಗಿರಲಾಗಿ 2009ರ ನವೆಂಬರಿನಲ್ಲಿ ಒಂದು ನಿರ್ಣಯವಾಯಿತು. ಕೆಡಿಇ ಎಂಬುದು ಇನ್ನು ಮುಂದೆ ಜನರ ಬಳಗದ ಹೆಸರು. ಡೆಸ್ಕ್‌ಟಾಪಿಗೆ ಪ್ಲಾಸ್ಮಾ ಎಂಬ ಬೇರೆ ಹೆಸರು.

ನಮ್ಮ ನಾಡಿನ ಅನುಭವವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯ ಸವದತ್ತಿ, ಬೈಲಹೊಂಗಲ, ರಾಮದುರ್ಗಗಳ ಜನ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದರು. ಒಂದಾದ ಸಂತೋಷ ನಿಜವೇ. ಆದರೆ ಮೈಸೂರಿನ ಅರಸರ ಆಳಿಕೆಯನ್ನು ಕಾಣದಿದ್ದ ಈ ಪ್ರಾಂತದವರಿಗೂ ಮೈಸೂರೇ ಹೆಸರಾಯಿತು. ಆ ಹೆಸರಿಗೆ ದೊಡ್ಡ ಕೀರ್ತಿಯಿದೆ, ಅದನ್ನು ಬಿಡಬಾರದೆಂದು ವಾದಿಸಿದವರ ಮಾತಿನಲ್ಲಿ ಸತ್ಯವಿರಲಿಲ್ಲವೆನ್ನುವಂತಿಲ್ಲ. ಆದರೂ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1973ರ ನವೆಂಬರ್ 1ರಂದು, ರಾಜ್ಯವು ಕರ್ನಾಟಕವಾಯಿತು. ನಡುವೆ 17 ವರ್ಷಗಳು ಕಳೆದಿದ್ದವು.

ಇಲ್ಲಿನ ಭೇದವನ್ನು ಗಮನಿಸಬೇಕು. ಕೆಡಿಇ ಬಳಗವು ಹಳೆಯ ಹೆಸರನ್ನು ಇಡಿಗೆ ಉಳಿಸಿ, ಭಾಗಕ್ಕೆ ಹೊಸ ಹೆಸರಿಟ್ಟಿತು. ನಾವು ಹಳೆಯ ಹೆಸರನ್ನು ಒಂದು ನಗರ, ಒಂದು ಜಿಲ್ಲೆಗೆ ಉಳಿಸಿ, ಇಡಿಗೆ ಬೇರೆ ಹೆಸರಿಟ್ಟೆವು. ಎರಡೂ ಸರಿಯೆಂದೇ ನಮ್ಮ ಅಭಿಪ್ರಾಯ. ಕೆಡಿಇಗೆ ಬಂದವರು ಆ ಹೆಸರನ್ನು ತಾವಾಗಿ ಒಪ್ಪಿ ಬಂದವರು. ಬೆಳಗಾವಿಯವರು ಒಪ್ಪಿದ್ದು ಏಕೀಕರಣವನ್ನು, ಮೈಸೂರೆಂಬ ಹೆಸರನ್ನಲ್ಲ. ಹೆಸರಿನ ಯೋಗ್ಯತೆಯನ್ನು ಅದರ ಪ್ರಾಚೀನತೆಯಿಂದಲ್ಲ, ಅದರೊಳಗೆ ಯಾರು ತಮ್ಮನ್ನು ಕಾಣಬಲ್ಲರು ಎಂಬುದರಿಂದ ಅಳೆಯಬೇಕು.

ಕೆಡಿಇಯ ನಿರ್ಣಯದಲ್ಲಿ ದೋಷವಿರಲಿಲ್ಲವೆಂದಲ್ಲ. ಎಲ್ಲ ತಂತ್ರಾಂಶಗಳನ್ನೂ ಒಟ್ಟಾಗಿ ಸೂಚಿಸಲು ಆಗ ಕೊಟ್ಟ ‘ಸಾಫ್ಟ್‌ವೇರ್ ಕಂಪೈಲೇಶನ್’ ಎಂಬ ಹೆಸರು ಬಾಳಲಿಲ್ಲ. 2014ರಲ್ಲಿ ಆ ಸಂಕಲನವೇ ಮೂರಾಗಿ ಒಡೆದು, ಮೂರೂ ತಮ್ಮ ತಮ್ಮ ಕಾಲಕ್ಕೆ ಹೊರಬರತೊಡಗಿದವು. ನಮ್ಮಲ್ಲಿ ವಸ್ತು ಮೊದಲು ಬಂದು ಹೆಸರು ತಡವಾಯಿತು. ಅಲ್ಲಿ ಹೆಸರು ಮೊದಲು ಬಂದು ವಸ್ತು ತಡವಾಯಿತು.

ಹೆಸರನ್ನು ಬಿಟ್ಟುಕೊಟ್ಟೂ ಮನೆತನವನ್ನು ಉಳಿಸಿಕೊಳ್ಳಬಹುದೆಂಬುದಕ್ಕೆ ಮಾಟೆ ಸಾಕ್ಷಿ. 2011ರಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪಿನ ಮೂರನೆಯ ಆವೃತ್ತಿ ಬಂದಾಗ, ಎರಡನೆಯದನ್ನೇ ಮೆಚ್ಚಿದವರು ಅದನ್ನು ಮುಂದುವರಿಸಿ, ದಕ್ಷಿಣ ಅಮೆರಿಕದ ಒಂದು ಪಾನೀಯದ ಹೆಸರನ್ನಿಟ್ಟರು. ಹಳೆಯ ಹೆಸರುಗಳೇ ಉಳಿದಿದ್ದರೆ ಎರಡೂ ಒಂದೇ ಗಣಕದಲ್ಲಿ ತೊಡಕಿಲ್ಲದೆ ಇರಲಾಗುತ್ತಿರಲಿಲ್ಲ.

ಆದುದರಿಂದ ಹೆಸರಿನ ವಾದ ಬರಿಯ ಶಬ್ದದ ವಾದವಲ್ಲ. ಇಡಿಯಲ್ಲಿ ಭಾಗಕ್ಕೆ ಸಲ್ಲುವ ಸ್ಥಾನದ ವಾದವದು. ಅದನ್ನು ಬೇಗನೆ ಮುಗಿಸುವುದಕ್ಕಿಂತ ನ್ಯಾಯವಾಗಿ ಮುಗಿಸುವುದು ಲೇಸು.